ಮಗಳ ಡಿಗ್ರಿ ಮತ್ತು ಕಂಡಕ್ಟರ್ ಚನ್ನಯ್ಯನ ವಿಚಾರಣೆ

ಬನವಾಸಿಯ ಚನ್ನಯ್ಯ ಸಾಲಿಮಠ ಶಿರಸಿ ಡಿಪೋದಲ್ಲಿ ಇಪ್ಪತ್ತೈದು ವರ್ಷಗಳಿಂದ ಕಂಡಕ್ಟರ್. ಎತ್ತರದ ಆಳು, ಆದರೆ ಸ್ವರ ಸಣ್ಣದು. ಬಸ್ಸಿನಲ್ಲಿ ಟಿಕೆಟ್ ಟಿಕೆಟ್ ಎಂದು ಕೂಗಿದವನಲ್ಲ. ಸೀಟಿನ ಪಕ್ಕ ಬಂದು ಸುಮ್ಮನೆ ನಿಂತರೆ ಜನ ತಾವಾಗಿಯೇ ದುಡ್ಡು ತೆಗೆಯುತ್ತಿದ್ದರು. ಯಾವ ವಿಷಯವನ್ನೇ ಆಗಲಿ ನಾಲ್ಕು ಜನರ ಹತ್ತಿರ ವಿಚಾರಿಸದೆ ಮುಂದೆ ಹೆಜ್ಜೆ ಇಡುವ ಸ್ವಭಾವ ಅವನದಲ್ಲ. ಮನೆಗೆ ಮಿಕ್ಸರ್ ತರುವ ಮೊದಲು ಮೂರು ವಾರ ಪ್ರಯಾಣಿಕರನ್ನು ಕೇಳಿದ್ದ ಎಂದು ಹೆಂಡತಿ ಗಂಗಾಂಬಿಕಾ ಈಗಲೂ ಹೇಳುತ್ತಾಳೆ.

ಮಗಳು ಮಧುಮತಿ ಪಿಯುಸಿ ಸೈನ್ಸಿನಲ್ಲಿ ಎಂಬತ್ತನಾಲ್ಕು ಪರ್ಸೆಂಟ್ ತೆಗೆದದ್ದು ೨೦೧೯ರಲ್ಲಿ. ನರ್ಸಿಂಗೋ, ಬಿ.ಎಸ್ಸಿ. ಅಗ್ರಿಯೋ ಎಂದು ಚನ್ನಯ್ಯ ಆಗಲೇ ಡಿಪೋದಲ್ಲಿ ವಿಚಾರಣೆ ಶುರು ಮಾಡಿದ್ದ. ಒಂದು ಸಂಜೆ ಅವನು ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದಾಗ ಮಗಳು ಟವೆಲ್ ಹಿಡಿದು ನಿಂತಳು.

"ಅಪ್ಪಾ, ನಾ ಚಿತ್ರಕಲಾ ಓದ್ತೇನಿ. ಧಾರವಾಡದಾಗ ನಾಲ್ಕು ವರ್ಷದ ಡಿಗ್ರಿ ಐತಿ."

ಚನ್ನಯ್ಯ ಬೈಯಲಿಲ್ಲ. ಮುಖ ಒರೆಸಿಕೊಂಡು, "ಅದನ್ನ ಓದಿದವ್ರಿಗೆ ಎಷ್ಟು ಪಗಾರ ಬರ್ತದ?" ಎಂದು ಕೇಳಿದ.

"ಗೊತ್ತಿಲ್ಲ."

"ಗೊತ್ತಿಲ್ಲಂದ್ರ ವಿಚಾರಸೋಣು. ಹದಿನೈದು ದಿನ ತಡಿ."

ಆ ವಾರ ಅವನಿಗೆ ಸಿದ್ದಾಪುರದ ರೂಟು. ಅಲ್ಲಿ ಬಸ್ ಸ್ಟ್ಯಾಂಡಿನ ಎದುರಿಗೆ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಉಲ್ಲಾಸ ನಾಯ್ಕ ಚಿತ್ರಕಲೆಯಲ್ಲೇ ಡಿಗ್ರಿ ಮಾಡಿದವನೆಂದು ಡ್ರೈವರ್ ಹೇಳಿದ. ಬಸ್ಸು ಹೊರಡಲು ಇಪ್ಪತ್ತು ನಿಮಿಷವಿತ್ತು. ಚನ್ನಯ್ಯ ಹೆಗಲ ಚೀಲದ ಸಮೇತ ರಸ್ತೆ ದಾಟಿ ಹೋದ. ಉಲ್ಲಾಸ ಕಂಪ್ಯೂಟರಿನಲ್ಲಿ ಯಾರದೋ ಹುಟ್ಟುಹಬ್ಬದ ಬ್ಯಾನರ್ ಮಾಡುತ್ತಿದ್ದ.

"ಫೀ ಅಂಥಾ ದೊಡ್ಡದಲ್ಲ ಮಾರಾಯ್ರೆ," ಎಂದ ಉಲ್ಲಾಸ. "ಬಣ್ಣ, ಬ್ರಶ್ಶು, ಕ್ಯಾನ್ವಾಸು, ಅದೇ ತಿಂತದೆ ದುಡ್ಡು. ಹಾಸ್ಟೆಲ್ ಊಟ ಎಲ್ಲ ಸೇರಿ ವರ್ಷಕ್ಕೆ ಎಪ್ಪತ್ತು ಸಾವಿರ ಇಟ್ಕಳಿ."

"ಈಗ ನಿಮಗ ತಿಂಗಳಿಗೆ ಎಷ್ಟು ಉಳಿತದ?"

"ಇಲೆಕ್ಷನ್ ಇದ್ರೆ ಐವತ್ತು. ಇಲ್ದಿದ್ರೆ ಇಪ್ಪತ್ತೈದು."

"ಅದ್ರಾಗ ನಿಮ್ಮ ಡಿಗ್ರಿಯಿಂದ ಬಂದದ್ದು?"

ಉಲ್ಲಾಸ ಮೌಸ್ ಬಿಟ್ಟು ನಕ್ಕ. "ಅಕ್ಷರ ಎಲ್ಲಿ ಕೂರಿಸ್ಬೇಕು ಹೇಳಿ ನಂಗೆ ಗೊತ್ತು. ಅದು ಗಿರಾಕಿಗೆ ಗೊತ್ತಾಗುದಿಲ್ಲ. ಅವರಿಗೆ ಫೋಟೋ ದೊಡ್ಡದಾಗಿ ಬರ್ಬೇಕು, ಅಷ್ಟೆ."

ವಾಪಸು ಬರುವಾಗ ಚನ್ನಯ್ಯ ಟಿಕೆಟ್ ಮಶೀನಿನ ಕಾಗದದ ಹಿಂದೆ ಗೀಚಿ ನೋಡಿದ. ನಾಲ್ಕು ವರ್ಷಕ್ಕೆ ಎರಡು ಲಕ್ಷ ಎಂಬತ್ತು ಸಾವಿರ, ಮೇಲೆ ಓಡಾಟ. ಗಳಿಕೆಯ ಕಡೆಗೆ ಬರೆಯಲು ಏನೂ ಸಿಗಲಿಲ್ಲ.

ಮುಂದಿನ ವಾರ ಯಲ್ಲಾಪುರದ ರೂಟು ಬಿತ್ತು. ಉಮ್ಮಚಗಿಯಲ್ಲಿ ದಿನಾ ಹತ್ತುವ ಪರಿಮಳಾ ಟೀಚರ್ ಯಲ್ಲಾಪುರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ಸುರುಳಿ ಸುತ್ತಿದ ಕಾಗದ ಸದಾ ಕಂಕುಳಲ್ಲಿ. ಸೀಟು ಸಿಗದ ದಿನ ಅದನ್ನು ಚನ್ನಯ್ಯನ ಸೀಟಿನ ಮೇಲೆ ಇಟ್ಟು ನಿಲ್ಲುತ್ತಿದ್ದರು. ಅಷ್ಟೇ ಪರಿಚಯ. ಬಸ್ಸಿಳಿದ ಮೇಲೆ ಚನ್ನಯ್ಯ ಅವರನ್ನು ತಡೆದು, "ಟೀಚರ್, ಎರಡು ನಿಮಿಷ. ಒಂದು ಚಾ ಕುಡೀರಿ" ಎಂದ.

ಕ್ಯಾಂಟೀನಿನಲ್ಲಿ ಕೂತು ಅವನು ಎಲ್ಲ ಹೇಳಿದ. ಪರಿಮಳಾ ಟೀಚರ್ ಬೆಲ್ಲು ಹೊಡೆಯಲು ಇನ್ನೂ ಹೊತ್ತಿದೆಯೆಂದು ಗಡಿಯಾರ ನೋಡಿಕೊಂಡು ಮಾತಿಗೆ ಕೂತರು.

"ನಿಮ್ಮತ್ರ ಸುಳ್ಳು ಹೇಳಿ ನಂಗೆಂತ ಆಗ್ಬೇಕು? ಡಿಗ್ರಿ ಮುಗ್ಸಿ ಮೂರು ಕಡೆ ಕೆಲ್ಸ ಮಾಡ್ದೆ, ನಾಲ್ಕು ಸಾವಿರಕ್ಕೆ, ಆರು ಸಾವಿರಕ್ಕೆ. ಸರ್ಕಾರಿ ಪೋಸ್ಟು ಕರೀತ್ರು ಹೇಳಿ ಒಂಬತ್ತು ವರ್ಷ ಕಾದೆ, ವಯಸ್ಸು ದಾಟಿ ಹೋತು. ಈಗ ಹದಿನೇಳು ಬರ್ತದೆ. ನನ್ನ ತಂಗಿ ನರ್ಸಿಂಗ್ ಓದಿದ್ಳು, ನನ್ನ ಮೂರು ಪಟ್ಟು ತಗೊಳ್ತಾಳೆ. ದುಡ್ಡಿನ ಲೆಕ್ಕ ಕೇಳಿದ್ರೆ ನಷ್ಟವೇ."

"ಹಂಗಾರ ಬ್ಯಾಡ ಅಂತೀರಿ."

"ಬೇಡ ಹೇಳಿ ನಾ ಹೇಳ್ಲಿಲ್ವಲ್ಲ." ಅವರು ಲೋಟ ಕೆಳಗಿಟ್ಟರು. "ಮಗಳು ಹೇಗೆ ಬಿಡಿಸ್ತಾಳೆ?"

"ಚಂದ ಬಿಡಸ್ತಾಳಂತ, ಸಾಲ್ಯಾಗ ಹೇಳ್ತಿದ್ರು."

"ಶಾಲೆಯಲ್ಲಿ ಹೇಳಿದ್ದಲ್ಲ. ನೀವು ನೋಡಿದ್ರಾ?"

ಗೋಡೆಗೆ ಅಂಟಿಸಿದ್ದ ಒಂದೆರಡು ಚಿತ್ರವನ್ನು ಚನ್ನಯ್ಯ ನೋಡಿದ್ದ, ನಿಜ. ಅದು ಗಣಪತಿಯೋ ನವಿಲೋ ಎಂದು ಕೇಳಿದರೆ ಹೇಳಲಾರ, ಅಷ್ಟೇ ನೋಡಿದ್ದು. ಎಲ್ಲರನ್ನೂ ಕೇಳುತ್ತ ಹೊರಟವನು ಮಗಳ ಚಿತ್ರದ ಪುಸ್ತಕ ತೆರೆದಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗಿ, "ಬಸ್ ಹೊತ್ತಾತು" ಎಂದು ಎದ್ದುಬಿಟ್ಟ.

ಅವತ್ತು ಮನೆಗೆ ಬಂದಾಗ ಮಧುಮತಿ ಹಿತ್ತಲಲ್ಲಿದ್ದಳು. ಅವನು ಅವಳ ಪುಸ್ತಕ ಕೇಳಿ ಇಸಿದುಕೊಂಡು ಕಟ್ಟೆಯ ಮೇಲೆ ಕೂತ. ದೇವರು, ಹೂವು, ಸಿನಿಮಾ ನಟಿಯರು ಇರಬಹುದೆಂದುಕೊಂಡಿದ್ದ. ಇದ್ದದ್ದು ಎಮ್ಮೆಯ ಹಿಂಗಾಲು. ಪಕ್ಕದ ಮನೆಯ ಎಮ್ಮೆ ಎಂದು ಗೊತ್ತಾಯಿತು, ಗೊರಸಿನ ಮೇಲೆ ಬಿಳಿ ಪಟ್ಟೆ ಇತ್ತು. ಮುಂದಿನ ಪುಟದಲ್ಲೂ ಅದೇ ಕಾಲು. ಅದರ ಮುಂದೆಯೂ ಅದೇ. ಕೆಲವಕ್ಕೆ ಅಡ್ಡಗೆರೆ ಎಳೆದಿದ್ದಳು, ಒಂದೊಂದರ ಕೆಳಗೂ ತಾರೀಖು. ಚನ್ನಯ್ಯ ಎಣಿಸಿದ. ನಲವತ್ತೊಂದು ಕಾಲು. ಮೊದಲಿನವು ಮರದ ಕಂಬದ ಹಾಗೆ ನಿಂತಿದ್ದವು. ಕೊನೆಯ ನಾಲ್ಕೈದರಲ್ಲಿ ಎಮ್ಮೆಯ ಭಾರ ಪೂರ್ತಿ ಆ ಕಾಲಿನ ಮೇಲೆ ಬಿದ್ದದ್ದು ಕಾಣುತ್ತಿತ್ತು.

"ಇದ್ಯಾಕ ಇಷ್ಟು ಸಲ?" ಎಂದ.

"ಬರವಲ್ದಾಗಿತ್ತಪ್ಪ. ಮೊಣಕಾಲು ಎಲ್ಲಿ ಮಡಚ್ತದ ಅನ್ನೂದು ತಿಳೀವಲ್ದಾಗಿತ್ತು."

"ಈಗ ತಿಳೀತೇನು?"

"ಅರ್ಧಮರ್ಧ."

ಅವನು ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟ. ಊಟಕ್ಕೆ ಕೂತಾಗ ಉಲ್ಲಾಸ ಹೇಳಿದ್ದು, ಪರಿಮಳಾ ಟೀಚರ್ ಹೇಳಿದ್ದು ಏನನ್ನೂ ಮುಚ್ಚಿಡದೆ ಹೆಂಡತಿ ಮಗಳು ಇಬ್ಬರಿಗೂ ಹೇಳಿದ. ಹಾಕಿದ ದುಡ್ಡು ತಿರುಗಿ ಬರುವ ಹಾಗೆ ಕಾಣುವುದಿಲ್ಲ ಎಂದೂ ಹೇಳಿದ. ಮಧುಮತಿ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು. ಗಂಗಾಂಬಿಕಾ ಪಲ್ಯದ ಸೌಟು ಕೆಳಗಿಟ್ಟಳು.

"ನೀವು ಬಿ.ಎ. ಮಾಡೀರಲ್ಲ, ಅದಕ್ಕ ಎಷ್ಟು ಗಳಕಿ ಐತಿ ಅಂತ ನಿಮ್ಮಪ್ಪ ಯಾರ್ನರ ಕೇಳಾಕ ಹೋಗಿದ್ರೇನು?"

"ಇಲ್ಲ."

"ಕಂಡಕ್ಟರ್ ಕೆಲಸಕ್ಕ ಆ ಬಿ.ಎ. ಬೇಕಾಗಿತ್ತೇನು?"

"ಬೇಕಾಗಿರಲಿಲ್ಲ."

"ಮತ್ತ? ಆಕಿಗೊಬ್ಬಾಕಿಗೆ ಯಾಕ ಲೆಕ್ಕ?"

ಚನ್ನಯ್ಯ ನಕ್ಕುಬಿಟ್ಟ. ಆದರೆ ಲೆಕ್ಕ ಬಿಡಲಿಲ್ಲ. ಪಿ.ಎಫ್.ನಿಂದ ಒಂದೂವರೆ ಲಕ್ಷ ತೆಗೆಯುವುದು, ಉಳಿದದ್ದನ್ನು ತಿಂಗಳ ಪಗಾರದಲ್ಲಿ ಹೊಂದಿಸುವುದು ಎಂದು ಅಲ್ಲೇ ತೀರ್ಮಾನಿಸಿದ. ಮಗಳಿಗೆ ಒಂದೇ ಮಾತು ಹೇಳಿದ: "ನಾಳೆ ಕೈಯಾಗ ರೊಕ್ಕ ಕಡಿಮಿ ಬಂತಂತ ಕಣ್ಣೀರು ಹಾಕಬಾರದು. ಈಗ ಗೊತ್ತಿದ್ದ ಹೊಂಟೀವಿ." ಮಧುಮತಿ ತಲೆಯಾಡಿಸಿದಳು.

ಓದು ಅಂದುಕೊಂಡ ಹಾಗೆ ಸಾಗಲಿಲ್ಲ. ಮೊದಲ ವರ್ಷ ಮುಗಿಯುವುದರೊಳಗೆ ಲಾಕ್‌ಡೌನ್ ಬಂತು. ಬಸ್ಸು ನಿಂತವು, ಕಾಲೇಜು ಮುಚ್ಚಿತು, ಅಪ್ಪ ಮಗಳು ಇಬ್ಬರೂ ಮನೆಯಲ್ಲಿ ಕೂತರು. ಮೊಬೈಲಿನಲ್ಲಿ ಚಿತ್ರ ಕಲಿಯುವುದೆಂದರೆ ಏನೆಂದು ಚನ್ನಯ್ಯನಿಗೆ ಕೊನೆಗೂ ಅರ್ಥವಾಗಲಿಲ್ಲ. ಬಣ್ಣ ತೀರಿದಾಗ ಮಧುಮತಿ ಇದ್ದಿಲಿನಲ್ಲಿ ಬಿಡಿಸಿದಳು. ಊರು ತೆರೆದ ಮೇಲೆ ಎಕ್ಕಂಬಿ ಕಡೆಯ ಅಂಗನವಾಡಿಯ ಗೋಡೆಗೆ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಐದು ದಿನಕ್ಕೆ ಆರು ಸಾವಿರ. ಅವಳ ಮೊದಲ ದುಡಿಮೆ ಅದೇ. ಆ ದುಡ್ಡೂ ಬಣ್ಣಕ್ಕೇ ಹೋಯಿತು.

೨೦೨೩ರಲ್ಲಿ ಡಿಗ್ರಿ ಮುಗಿಯಿತು. ಎಲ್ಲ ಸೇರಿ ಮೂರು ಲಕ್ಷ ಹದಿನೈದು ಸಾವಿರ ಹಿಡಿದಿತ್ತು. ಮಧುಮತಿ ಶಿರಸಿಯ ಖಾಸಗಿ ಶಾಲೆಯೊಂದರಲ್ಲಿ ವಾರಕ್ಕೆ ಮೂರು ದಿನ ಕಲಿಸಲು ಸೇರಿದಳು, ಒಂಬತ್ತು ಸಾವಿರಕ್ಕೆ. ಮಿಕ್ಕ ದಿನ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದಳು. ಒಂದು ತಿಂಗಳು ಹದಿನೈದು ಸಾವಿರ ಬಂದರೆ ಇನ್ನೊಂದು ತಿಂಗಳು ಏನೂ ಇಲ್ಲ. ಹುಬ್ಬಳ್ಳಿಯಲ್ಲಿ ಜಾಹೀರಾತು ಮಾಡುವವರು ಇಪ್ಪತ್ತೆರಡು ಸಾವಿರಕ್ಕೆ ಕರೆದರು. ಎರಡು ದಿನ ಯೋಚಿಸಿ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವುದಾದರೆ ತನ್ನ ಕೈ ಕೆಟ್ಟುಹೋಗುತ್ತದೆ ಎಂದು ಬೇಡ ಅಂದಳು. ವಾದ ಮಾಡಲೆಂದು ಬಾಯಿ ತೆರೆದ ಚನ್ನಯ್ಯ ನೀರು ಕುಡಿದು ಹೊರಗೆ ಹೋದ.

ಚನ್ನಯ್ಯನ ತಂಗಿಯ ಮಗ ಗಿರೀಶ ಫಾರ್ಮಸಿ ಓದಿ ಮೂವತ್ತೈದು ಸಾವಿರ ತರುತ್ತಿದ್ದ. ಅವನ ಮನೆಯ ಗೃಹಪ್ರವೇಶದ ದಿನ ಸಂಬಂಧಿಕರೊಬ್ಬರು ಎಲ್ಲರ ಎದುರಿಗೆ, "ನಿಮ್ಮ ಮಗಳದು ಎಷ್ಟ್ರೀ?" ಎಂದರು.

"ಸರಾಸರಿ ಹಿಡದ್ರ ಹದಿನಾರು," ಎಂದ ಚನ್ನಯ್ಯ.

"ಅಷ್ಟ?"

"ಹೂಂ, ಅಷ್ಟ."

ಹೇಳಿದ ಮೇಲೆ ತನಗೆ ಬೇಸರವಾಗಲಿಲ್ಲವೆಂದು ಅವನಿಗೇ ಆಶ್ಚರ್ಯವಾಯಿತು. ಎಲೆಯ ಮೇಲೆ ಹೋಳಿಗೆ ಬಿತ್ತು, ಊಟ ಮುಂದುವರಿಸಿದ.

ಹೋದ ಚಳಿಗಾಲದಲ್ಲಿ ಧಾರವಾಡದ ಒಂದು ಸಂಸ್ಥೆಯವರು ಅನುಮತಿ ಪಡೆದು ಬನವಾಸಿಯ ಗುಡಿಯ ಕಂಬಗಳನ್ನು ಅಳತೆಗೆ ಸರಿಯಾಗಿ ಚಿತ್ರದಲ್ಲಿ ಇಳಿಸುವ ಕೆಲಸ ಹಿಡಿದರು. ಮೂರು ತಿಂಗಳಿಗೆ ಮಧುಮತಿಯನ್ನು ತೆಗೆದುಕೊಂಡರು. ಸಂಬಳ ಚೆನ್ನಾಗಿತ್ತು, ಮುಂದೆ ಹಾನಗಲ್ಲಿನಲ್ಲೂ ಕೆಲಸ ಬರಬಹುದು ಎಂದಿದ್ದರು. ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ವಾರದ ರಜೆಯ ದಿನ ಚನ್ನಯ್ಯ ಬುತ್ತಿ ತೆಗೆದುಕೊಂಡು ಗುಡಿಗೆ ಹೋದ. ಮಗಳು ಕಂಬದ ಬುಡದಲ್ಲಿ ಮೊಣಕಾಲೂರಿ ಟೇಪು ಹಿಡಿದಿದ್ದಳು. ಜೊತೆಗೆ ಕೆಲಸ ಮಾಡುವ ಹುಡುಗಿಗೆ ಅವತ್ತು ರಜೆ.

"ಅಪ್ಪಾ, ಈ ತುದಿ ಹಿಡೀತಿ?"

ಅವನು ಬುತ್ತಿಯನ್ನು ಕಟ್ಟೆಯ ಮೇಲಿಟ್ಟು ತುದಿ ಹಿಡಿದ. ಕಂಬದ ದುಂಡನೆಯ ಭಾಗದ ಸುತ್ತ ಟೇಪು ಬಂತು. ಸಡಿಲಾಯಿತೆಂದು ಅವಳು ಗದರಿದಳು, ಅವನು ಬಿಗಿ ಮಾಡಿದ. ಅವಳು ಅಂಕಿ ಬರೆದುಕೊಂಡಳು, ಒಮ್ಮೆ ಕಣ್ಣು ಕಿರಿದು ಮಾಡಿ ಕಂಬವನ್ನೇ ನೋಡಿದಳು.

"ಮುಗೀತೇನು? ಊಟಾ ಮಾಡು."

"ಇನ್ನ ಎರಡು ಅಳತಿ," ಎಂದಳು ಮಧುಮತಿ. ಚನ್ನಯ್ಯ ಚಪ್ಪಲಿಯಿಲ್ಲದ ಕಾಲನ್ನು ತಣ್ಣನೆಯ ಕಲ್ಲಿನ ಮೇಲೆ ಸರಿಯಾಗಿ ಊರಿ, ತುದಿಯನ್ನು ಅವಳು ತೋರಿಸಿದ ಕಡೆಗೆ ಒಯ್ದ.