ಒಗ್ಗರಣೆಯಿಲ್ಲದ ಗಂಜಿ

ಜಪಾನಿನ ಹಸಿರು ಚಹಾಕ್ಕೆ ಹಾಲಿಲ್ಲ, ಸಕ್ಕರೆಯಿಲ್ಲ, ನಮ್ಮ ನಾಲಗೆಯ ಮೇಲೆ ಯಾವ ಮುಲಾಜೂ ಇಲ್ಲ. ತೊಂಬತ್ತರ ದಶಕದ ನಡುವೆ, ಕೊಲ್ಲಿ ನಾಡಿನ ರಾಸ್ ಲಫಾನ್‌ನ ಅನಿಲ ಸ್ಥಾವರಗಳು ಇನ್ನೂ ಮರಳಿನಿಂದ ಮೇಲೇಳುತ್ತಿದ್ದ ಕಾಲದಲ್ಲಿ, ನಮ್ಮ ಕ್ಯಾಂಪಿನ ಹಿರಿಯ ಇಂಜಿನಿಯರ್ ಮೋರಿಯವರು ಶುಕ್ರವಾರಗಳಂದು ಅದನ್ನು ಕಾಸಿ, ಕಡಲಪಾಚಿ ಸುತ್ತಿದ ಅನ್ನದುಂಡೆಗಳೊಂದಿಗೆ ನಮ್ಮನ್ನು ಕೂರಿಸಿಕೊಳ್ಳುತ್ತಿದ್ದರು. ಮೊದಲ ದಿನ ನಾವೆಲ್ಲ ನಮ್ಮ ನಮ್ಮ ಲೋಟ ತುಂಬಿಸಿಕೊಂಡು ಕುಡಿದೆವು. ಅವರದು ಖಾಲಿಯೇ ಉಳಿಯಿತು. ತನಗೆ ತಾನೇ ಸುರಿದುಕೊಳ್ಳುವುದು ಅವರಲ್ಲಿ ಪದ್ಧತಿಯಲ್ಲವಂತೆ, ಪಕ್ಕದವನು ನೋಡಿ ತುಂಬಿಸಬೇಕಂತೆ. ಅಂದಿನಿಂದ ಫಿಲಿಪ್ಪೀನ್ಸಿನ ನೆಸ್ಟರ್ ನನಗೆ, ನಾನು ಸುಡಾನಿನ ಉಸ್ಮಾನನಿಗೆ, ಉಸ್ಮಾನ್ ನಮ್ಮ ಸ್ಟೋರ್ ನೋಡುತ್ತಿದ್ದ ಬಂಟ್ವಾಳದ ಹಮೀದಾಕನಿಗೆ.

“ಎಂತ ಇಂಜಿನಿಯರ್ರೇ, ಒಬ್ಬನ ಬಾಯಾರಿಕೆ ಇನ್ನೊಬ್ಬ ನೋಡ್ಬೇಕಾ? ನಮ್ಮೂರಲ್ಲಾದ್ರೆ ಎಲ್ಲರೂ ಒಣಗಿ ಸಾಯ್ತಿದ್ರು,” ಎಂದು ನನ್ನನ್ನು ಕೇಳಿದ್ದರು ಹಮೀದಾಕ.

ಇಂಜಿನಿಯರ್ರೇ ಎಂದು ಯಾರು ಕರೆದರೂ ಎದೆಯುಬ್ಬುತ್ತಿತ್ತು, ಸುಳ್ಳು ಹೇಳಲಾರೆ. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದಮಾಡುತ್ತಿದ್ದ ಅಪ್ಪನ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಆದರೆ ಅಪ್ಪ ಹೋದ ಸುದ್ದಿ ಬಂದಾಗ ಆ ಪದವಿ ಯಾವ ಕೆಲಸಕ್ಕೂ ಬರಲಿಲ್ಲ. ದೇಶ ಬಿಡಲು ಕಫೀಲನ, ಅಂದರೆ ನಮ್ಮನ್ನು ಕರೆಸಿಕೊಂಡ ಯಜಮಾನನ ಸಹಿ ಬೇಕು. ಅಂದು ಶುಕ್ರವಾರ, ಅಲ್ಲಿನ ವಾರದ ರಜೆ, ಕಚೇರಿಗೆ ಬೀಗ. ಹಿರಿಮಗನಾಗಿ ಬೆಂಕಿ ಕೊಡಬೇಕಾದವನು ನಾನು. ಊರಲ್ಲಿ ಎಷ್ಟು ಹೊತ್ತು ಕಾದಾರು? “ತಮ್ಮನೇ ಕೊಡಲಿ,” ಎಂದು ಫೋನಿನಲ್ಲಿ ನಾನೇ ಹೇಳಿದೆ.

ನಮ್ಮಲ್ಲಿ ಸಾವಿನ ಮನೆಯ ಒಲೆ ಉರಿಯುವುದಿಲ್ಲ. ದಹನ ಮುಗಿದ ಮೇಲೆ ನೆರೆಮನೆಯವರು ತಂದ ಗಂಜಿಯೇ ಊಟ. ಇದನ್ನು ಮೋರಿಯವರಿಗೆ ತಿಳಿಸಿದ್ದು ಹಮೀದಾಕ. ಅವರು ಏನೂ ಕೇಳದೆ ಅಕ್ಕಿ ತೊಳೆದು, ನೀರು ಹೆಚ್ಚಿಟ್ಟು, ತಮ್ಮೂರಲ್ಲಿ ಮೈ ಸೋತವರಿಗೆ ಕೊಡುವ ಬಿಳಿಗಂಜಿ ಮಾಡಿದರು. ಪಕ್ಕದಲ್ಲಿ ಉಪ್ಪಿನಲ್ಲಿಟ್ಟ ಕೆಂಪು ಹಣ್ಣು, ನಮ್ಮ ಮಿಡಿ ಉಪ್ಪಿನಕಾಯಿಯ ದೂರದ ನೆಂಟ. ಊರಿನಿಂದ ಫೋನ್ ಬರುವ ತನಕ ಯಾರೂ ಮುಟ್ಟಲಿಲ್ಲ. ಗಂಜಿ ಕೆನೆಗಟ್ಟಿತು.

“ಆಯಿತಂತೆ,” ಎಂದೆ.

“ಇನ್ನು ಉಣ್ಣಿ,” ಎಂದರು ಹಮೀದಾಕ. “ನೀವು ಉಣ್ಣದೆ ಇವರು ಯಾರೂ ಉಣ್ಣುದಿಲ್ಲ.”

ನೆಸ್ಟರ್ ನನ್ನ ಬಟ್ಟಲಿಗೆ ಬಡಿಸಿದ.

ಮಿತ್ರರೇ, ತಾಯ್ನುಡಿ ಬೇರೆ, ದೇವರು ಬೇರೆ ಆದವರೆಲ್ಲ ನನ್ನ ಅಪ್ಪನಿಗಾಗಿ ಹಸಿದು ಕುಳಿತರು ಎಂದು ಹೇಳಿ, ಪರದೇಶದ ಪ್ರೀತಿ ದೊಡ್ಡದೆಂದು ಇಲ್ಲಿಗೇ ಮುಗಿಸಬಹುದಿತ್ತು. ನನ್ನಿಂದಾಗದು. ಆ ಗಂಜಿ ಹೊಟ್ಟೆ ತುಂಬಿಸಿತು. ಚಿತೆಯ ಮುಂದೆ ನಾನು ನಿಲ್ಲಬೇಕಿದ್ದ ಜಾಗವನ್ನು ತುಂಬಿಸಲಿಲ್ಲ.

ಹದಿಮೂರನೆಯ ದಿನದ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಊರು ಸೇರಿದೆ. ಯಾಕೆ ಬರಲಿಲ್ಲವೆಂದು ಅಮ್ಮ ಕೇಳಲಿಲ್ಲ.

“ಆ ದಿನ ನಿನಗೆ ಗಂಜಿ ಯಾರು ಕೊಟ್ರು ಮಗಾ?”

“ನೆರೆಕರೆಯವರು, ಅಮ್ಮ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಅವರು ಉಂಡ್ರಾ?” ಎಂದಳು.