ತಾತನ ಕತ್ತಿಯ ಊರು ಹುಡುಕಿ

ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಕೆ.ಆರ್. ನಗರದಲ್ಲಿ ಹುಣಸೂರಿನ ಬಸ್ಸು ಹತ್ತಿದೆ. ಮಡಿಲಲ್ಲಿ ಹಳೆಯ ಕಂಬಳಿಯಲ್ಲಿ ಸುತ್ತಿದ ಗಜದುದ್ದದ ಕತ್ತಿ. ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ ಕಂಡಕ್ಟರು, "ಏನ್ ಟೀಚರೇ ಅದು, ತಂಬೂರಿನಾ?" ಅಂದರು. "ನಮ್ ತಾತನ ಕತ್ತಿ," ಅಂದೆ. ನಕ್ಕು ಮುಂದಿನ ಸೀಟಿಗೆ ಹೋದರು. ನಂಬಲಿಲ್ಲವೆಂದು ಕಾಣುತ್ತದೆ.

ಎರಡನೇ ಮಹಾಯುದ್ಧದಲ್ಲಿ ತಾತ ಬರ್ಮಾದಲ್ಲಿ ಪಟಾಲಮಿನ ಲಾರಿ ಓಡಿಸುತ್ತಿದ್ದರು. ಸೈನ್ಯ ಸೋತು ಹಿಮ್ಮೆಟ್ಟಿದಾಗ ಜೊತೆಯವರಿಂದ ಅಗಲಿ, ಬೆಟ್ಟಗಾಡುಗಳಲ್ಲಿ ನಡೆದು ಅಸ್ಸಾಮು ಸೇರಿದರು. ಊರಿಗೆ ಬಂದಾಗ ಕೈಯಲ್ಲಿದ್ದದ್ದು ಈ ಕತ್ತಿಯೊಂದೇ. ಅದರ ಬಗ್ಗೆ ಸಾಯುವವರೆಗೂ ಬಾಯಿ ಬಿಡಲಿಲ್ಲ. ಯಾರನ್ನೋ ಕೊಂದು ಕಿತ್ತುಕೊಂಡದ್ದು ಎಂದು ಊರವರು ಆಡಿಕೊಂಡರು. ಅವರ ಮಗಳು, ಸರಗೂರಿನಲ್ಲಿರುವ ನನ್ನ ಸೋದರತ್ತೆ ಪುಟ್ಟಮ್ಮ, ಅದನ್ನೇ ನಂಬಿ ಬೆಳೆದರು. ಎರಡು ಮಕ್ಕಳು ತೊಟ್ಟಿಲಲ್ಲೇ ತೀರಿಕೊಂಡಾಗ ಅಪ್ಪನ ಪಾಪ ತನಗೆ ತಗುಲಿತು ಎಂದುಕೊಂಡರು. ಈಗ ಅವರಿಗೆ ಎಂಬತ್ತಾರು. ಹೋದ ವಾರ ಫೋನು ಮಾಡಿ, "ನಾನ್ ಇರೋವಾಗ್ಲೇ ಅದ್ನ ತಂದ್ಕೊಡು ಮಗಾ, ಕಪಿಲೆಗೆ ಬುಟ್ಬುಡ್ತೀನಿ," ಅಂದಿದ್ದರು. ನಾನು ಒಪ್ಪಿದ್ದೆ. ಆದರೆ ನೀರಿಗೆ ಬೀಳುವ ಮೊದಲು ಅದು ಯಾವ ಸೀಮೆಯದೆಂದಾದರೂ ತಿಳಿಯಬೇಕೆನಿಸಿತ್ತು.

ಹುಣಸೂರಿನಲ್ಲಿ ಇಡ್ಲಿ ತಿಂದು, ನಮ್ಮ ಶಾಲೆಯ ಬಾಗಿಲು ಕಿಟಕಿ ಮಾಡಿಕೊಟ್ಟಿದ್ದ ನಸೀರ್ ಸಾಬರ ಅಂಗಡಿಗೆ ಹೋದೆ. ಮರ ನೋಡಿದರೆ ಊರು ಹೇಳುವಷ್ಟು ಅನುಭವಸ್ಥರು. ಕತ್ತಿಯ ಮರದ ಒರೆಗೆ ಒಂದೇ ಮಗ್ಗುಲಿತ್ತು. ಇನ್ನೊಂದು ಮಗ್ಗುಲು ಬಯಲು. ಅಲಗನ್ನು ಬೆತ್ತದ ಪಟ್ಟಿಗಳು ಹಿಡಿದಿದ್ದವು. ಹೊಡೆದಾಟದಲ್ಲಿ ಅರ್ಧ ಒರೆ ಸೀಳಿಹೋಗಿದೆ ಎಂದೇ ನಮ್ಮ ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು.

ಸಾಬರು ಕನ್ನಡಕ ಏರಿಸಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. "ಮುರಿದಿಲ್ಲಮ್ಮಾ ಇದು. ಇನ್ನೊಂದು ಹೋಳು ಇದ್ದಿದ್ರೆ ಅಂಟಿಂದೋ ಮೊಳೇದೋ ಗುರುತು ಇರ್ಬೇಕಲ್ಲ? ನೋಡಿ, ಅಂಚು ಎಷ್ಟು ನುಣ್ಣಗೆ ಉಜ್ಜವ್ರೆ. ಮಾಡಿರೋದೇ ಹಿಂಗೆ."

ಆಮೇಲೆ ಏನೋ ನೆನಪಾಗಿ ಹೇಳಿದರು: "ಟಿಬೆಟನ್ ಕ್ಯಾಂಪ್ ಹತ್ರ ಕೊಪ್ಪದಲ್ಲಿ ಒಂದು ಹೋಟ್ಲಿಗೆ ಬೆಂಚು ಮಾಡಿದ್ದೆ. ಅಲ್ಲಿ ಗೋಡೇಲಿ ಹೋಟ್ಲು ನಡ್ಸೋ ಆಯಮ್ಮನ ಅಪ್ಪಂದು ಫೋಟೋ ಐತೆ. ಹೆಗಲಲ್ಲಿ ಇಂಥದ್ದೇ ಕತ್ತಿ. ಹೋಗಿ ಕೇಳಿ, ನಾನು ಫೋನ್ ಮಾಡಿರ್ತೀನಿ."

ಪಿರಿಯಾಪಟ್ಟಣದ ದಾರಿಯುದ್ದಕ್ಕೂ ಸೋನೆ ಮಳೆ. ಹೊಗೆಸೊಪ್ಪು ಬೇಯಿಸಿ ಹದಮಾಡುವ ಬ್ಯಾರನ್ನುಗಳ ಘಾಟು ಕಿಟಕಿಯಿಂದ ಒಳಗೆ ಬರುತ್ತಿತ್ತು. ಪಿರಿಯಾಪಟ್ಟಣದಲ್ಲಿ ಅರ್ಧ ಗಂಟೆ ಕಾದು ಬಸ್ಸು ಬದಲಿಸಿ, ಹನ್ನೊಂದರ ಹೊತ್ತಿಗೆ ಕೊಪ್ಪದಲ್ಲಿ ಇಳಿದೆ.

ಹೋಟೆಲಿನಾಕೆ ರೋಯ್, ನನ್ನದೇ ವಯಸ್ಸಿನವರು. ಹುಟ್ಟಿದ್ದು ಅರುಣಾಚಲದ ಪೂರ್ವದ ತುದಿಯಲ್ಲಿ. ಇಲ್ಲಿನ ಟಿಬೆಟನ್ ಒಬ್ಬರನ್ನು ಮದುವೆಯಾಗಿ ಬಂದು ಇಪ್ಪತ್ತು ವರ್ಷವಾಗಿತ್ತು. ಕನ್ನಡವನ್ನು ಸಂತೆಯಲ್ಲೇ ಕಲಿತಿದ್ದರು. ತಾತನ ವಿಷಯ, ಊರವರು ಆಡಿಕೊಂಡದ್ದು ಎಲ್ಲ ಹೇಳಿ ನಾನು ಕಂಬಳಿ ಬಿಚ್ಚುತ್ತಿದ್ದಂತೆ, ಅವರು ಕೈ ಒರೆಸಿಕೊಂಡು ಕತ್ತಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಅಕ್ಕಾ, ಇದು ನಮ್ದು," ಅಂದರು. "ಗಡಿ ಈ ಕಡೆ ನಮಗೆ ಸಿಂಗ್ಫೋ ಅಂತಾರೆ, ಆ ಕಡೆ ಬರ್ಮಾದಲ್ಲಿ ಕಚಿನ್ ಅಂತಾರೆ. ಜನ ಒಂದೇ."

ಗೋಡೆಯ ಫೋಟೋದ ಕೆಳಗೆ ಕತ್ತಿಯನ್ನು ಹಿಡಿದು ಒಂದೊಂದೇ ತೋರಿಸಿದರು. ಅದೇ ಒಂದು ಮಗ್ಗುಲಿನ ಒರೆ, ಚೂಪಿಲ್ಲದೆ ತುದಿಯಲ್ಲಿ ಅಗಲವಾಗುವ ಅದೇ ಅಲಗು. ಬಿದಿರು ಸೀಳುವುದಕ್ಕೆ, ಮನೆ ಕಟ್ಟುವುದಕ್ಕೆ, ಕಾಡಿನಲ್ಲಿ ದಾರಿ ಬಿಡಿಸುವುದಕ್ಕೆ ಇದೇ ಬೇಕಂತೆ. ಇದು ಗಡಿಯ ಯಾವ ಕಡೆಯದು ಎಂಬುದನ್ನು ಮಾತ್ರ ಹೇಳಲಾರೆ ಎಂದರು.

ಹೆಗಲಿಗೆ ಹಾಕುವ ಬೆತ್ತದ ಬಳೆಯ ಹತ್ತಿರ ಅವರ ಬೆರಳು ನಿಂತಿತು. "ನಿಮ್ ತಾತ ದಪ್ಪ ಇದ್ರಾ?"

"ಆರಡಿ ಆಳು."

"ಅದಕ್ಕೇ. ಬಳೆ ಮೊದ್ಲು ನಮ್ಮವರ ಅಳತೇಲಿತ್ತು. ಆಮೇಲೆ ಬೇರೆ ಬೆತ್ತ ಸೇರಿಸಿ ದೊಡ್ಡದು ಮಾಡಿದಾರೆ. ಗಂಟು ನೋಡಿ, ನಮ್ಮವರೇ ಹಾಕಿರೋದು. ನಮ್ಮಪ್ಪನೂ ಹಿಂಗೇ ಹಾಕ್ತಿದ್ರು." ನನ್ನ ಮುಖ ನೋಡಿದರು. "ಕಿತ್ಕೊಂಡು ಹೋಗೋನಿಗೆ ಯಾರು ಕೂತು ಹೆಣೆದು ಕೊಡ್ತಾರೆ ಅಕ್ಕಾ?"

ಅವರು ಬಿಸಿ ಸೂಪಿನ ಬಟ್ಟಲು ಮುಂದಿಟ್ಟು, ನಾನು ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದರು.

ಹುಣಸೂರಿಗೆ ವಾಪಸಾಗಿ, ಎಚ್.ಡಿ. ಕೋಟೆಯಲ್ಲಿ ಬಸ್ಸು ಬದಲಿಸಿ ಸರಗೂರು ಮುಟ್ಟಿದಾಗ ಐದು ಗಂಟೆ. ಅತ್ತೆ ಜಗಲಿಯಲ್ಲೇ ಕಾಯುತ್ತಿದ್ದರು. ಸಾಬರು ಹೇಳಿದ್ದು, ರೋಯ್ ಹೇಳಿದ್ದು, ಎಲ್ಲವನ್ನೂ ಹೇಳಿ ಬೆತ್ತದ ಗಂಟಿನ ಮೇಲೆ ಅವರ ಬೆರಳಿರಿಸಿದೆ.

"ಅಂಗಾದ್ರೆ ನಮ್ಮಪ್ಪ ಯಾರ್ನೂ ಕೊಂದಿಲ್ವಾ?"

"ಯುದ್ಧದಲ್ಲಿ ಏನಾಯ್ತೋ ನಂಗೊತ್ತಿಲ್ಲ ಅತ್ತೆ. ಇದ್ನ ಮಾತ್ರ ಅವ್ರೇ ತಾತನ ಅಳತೆಗೆ ಸರಿಮಾಡಿ ಕೊಟ್ಟವ್ರೆ."

ಅತ್ತೆ ಬಹಳ ಹೊತ್ತು ಅತ್ತರು. ನಾನು ತಡೆಯಲಿಲ್ಲ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಏನಂದೆ ಅವ್ರ ಎಸ್ರು?" ಅಂದರು. ಸಿಂಗ್ಫೋ ಎಂದೆ. ನಾಲಿಗೆ ತಿರುಗುವವರೆಗೆ ನಾಲ್ಕೈದು ಸಲ ಹೇಳಿಸಿಕೊಂಡರು.

"ಇದು ಮನೇಲೇ ಇರ್ಲಿ ಬುಡು. ಈ ಮಾಲಯಕ್ಕೆ ಇರೀಕರಿಗೆ ಎಡೆ ಇಕ್ವಾಗ ಅವ್ರಿಗೂ ಒಂದೆಲೆ ಆಕ್ತೀನಿ. ಕಾಡಲ್ಲಿ ನಮ್ಮಪ್ಪಂಗೆ ಅನ್ನ ಇಕ್ಕಿರೋ ಜನ ಅಲ್ವಾ ಮಗಾ, ಅವರಿದ್ದುದ್ಕೆ ಅವನು ಬಂದ."

ಕೊನೆಯ ಬಸ್ಸಿಗೆ ಹೊರಟೆ. ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದಾಗ, ಅತ್ತೆ ಎದುರುಮನೆಯವರನ್ನು ಜಗಲಿಗೆ ಕರೆದು ಕೂರಿಸಿಕೊಂಡು, ತಮ್ಮಪ್ಪನ ಕತೆಯನ್ನು ದೊಡ್ಡ ದನಿಯಲ್ಲಿ ಹೇಳತೊಡಗಿದ್ದರು.