ಕರಡಿಯ ಪಕ್ಕದ ಫೋಟೋ

ಗೋಬಿ ಮಂಚೂರಿ ಗಾಡಿಯ ಕಾದ ಬಾಣಲೆಗೆ ವಿನೆಗರ್ ಬಿದ್ದ ವಾಸನೆ ಬಂದರೆ ಸಾಕು, ನನಗೆ ಹನುಮನಹಳ್ಳಿಯ ನಮ್ಮ ಹಳೆಯ ಮನೆಯ ಬಚ್ಚಲು ನೆನಪಾಗುತ್ತದೆ. ಗಂಗಾವತಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಕಾಕಾ, ಅಂದರೆ ಅಪ್ಪನ ತಮ್ಮ, ರಜೆಯ ದಿನ ಬಚ್ಚಲಿನ ಕಿಂಡಿಗೆ ಕಂಬಳಿ ಕಟ್ಟಿ, ಕೆಂಪು ಬಲ್ಬು ಹಾಕಿ, ಕಪ್ಪು-ಬಿಳುಪು ಫೋಟೋ ತೊಳೆಯುತ್ತಿದ್ದ. ಫೋಟೋ ತೊಳೆಯುವ ಔಷಧಿ ನೀರಿನ ಹುಳಿ ವಾಸನೆ ಹಂಡೆಯ ಹೊಗೆಯ ಜೊತೆ ಬೆರೆತು ನಮ್ಮ ಬಟ್ಟೆಗಳಿಗೂ ಹತ್ತುತ್ತಿತ್ತು. ತೊಂಬತ್ತೆಂಟರ ಸುಮಾರು; ಎಲ್ಲರಿಗೂ ಬಣ್ಣದ ಫೋಟೋದ ಹುಚ್ಚು. ಕಾಕಾನಿಗೆ ಮಾತ್ರ ಗುಡ್ಡದ ಕರಡಿಯ ಹುಚ್ಚು. ಬಂಡೆಯ ಮೇಲೆ ಅಲುಗದೆ ಕೂತು, ಎಷ್ಟೋ ಸಂಜೆಗಳ ನಂತರ ಒಂದು ಫೋಟೋ ತೆಗೆದ. ಬರೀ ಮುಖ. ಕೂದಲಲ್ಲಿ ಧೂಳು, ಒದ್ದೆ ಮೂಗು, ನೇರವಾಗಿ ನೋಡುವ ಪುಟ್ಟ ಕಣ್ಣು. ದೊಡ್ಡದು ಮಾಡಿಸಿ ಪಡಸಾಲೆಯಲ್ಲಿ ತೂಗುಹಾಕಿದ.

ಅದನ್ನು ನೋಡಲು ಜನ ಬರತೊಡಗಿದರು. ಮೇಷ್ಟ್ರೊಬ್ಬರು ಕನ್ನಡಕ ಏರಿಸಿ ಹತ್ತಿರ ಹೋಗಿ ನೋಡಿದರು. ಅವರ ಹೆಂಡತಿ ಕಣ್ಣೊರೆಸಿಕೊಂಡು, "ಪಾಪ, ಮೂಕಪ್ರಾಣಿ. ಕಣ್ಣಾಗ ಎಷ್ಟ ದುಃಖ ಐತಿ ನೋಡ್ರಿ" ಎಂದರು. ಅವರಿಗೆ ಚಹಾ ತಂದುಕೊಟ್ಟವಳು ದ್ಯಾಮವ್ವ ಅತ್ತೆ, ಅಪ್ಪನ ಅಕ್ಕ. ಮದುವೆಯಾದ ಹೊಸದರಲ್ಲಿ ತವರಿಗೆ ಬಂದವಳು ಸೀತಾಫಲಕ್ಕೆಂದು ಗುಡ್ಡಕ್ಕೆ ಹೋಗಿ ಕರಡಿಯ ಕೈಗೆ ಸಿಕ್ಕಿದ್ದಳು. ಎಡಗಣ್ಣು ಹೋಗಿ, ಕೆನ್ನೆ ಸೀಳಿ, ತುಟಿ ಮೇಲಕ್ಕೆ ಜಗ್ಗಿಕೊಂಡಿತ್ತು. ಗಂಡನ ಮನೆಯವರು ತಿರುಗಿ ನೋಡಲಿಲ್ಲ. ನಮಗೆ ನೀರೆರೆದು, ತಲೆ ಹೆಣೆದು, ಉಣಿಸಿ ಬೆಳೆಸಿದವಳು ಅವಳೇ.

ಅವರು ಹೋದ ಮೇಲೆ ಅತ್ತೆ ಕಾಕಾನ ಮುಂದೆ ನಿಂತಳು. "ಕರಡಿ ಮಾರಿ ನೋಡಿ ಅಳ್ತಾರ. ನನ್ನ ಮಾರಿ ಕಂಡ್ರ ಚಾದ ಕಪ್ಪು ನೋಡ್ತಾರ. ನಂದೂ ಒಂದು ತಗಿಯೋ ತಮ್ಮಾ, ಇಷ್ಟ ದೊಡ್ಡದು."

ಕಾಕಾ ತಡವರಿಸಿದ. "ಆತಕ್ಕಾ. ಸೆರಗು ಹೊದ್ದು ಕುಂಡ್ರು, ಈ ಮಗ್ಗಲಿಂದ ತಗೀತೀನಿ."

"ಕರಡಿಗಿ ಹಂಗ ಹೇಳಿದ್ದೇನು?"

ಕಾಕಾ ನೇರವಾಗಿಯೇ ತೆಗೆದ. ಬಚ್ಚಲ ಕತ್ತಲಲ್ಲಿ ಬಿಳಿ ಹಾಳೆಯ ಮೇಲೆ ಅವಳ ಮುಖ ಮೆಲ್ಲನೆ ಮೂಡಿತು. ಮೊದಲು ಆ ಒಂದು ಕಣ್ಣು, ಆಮೇಲೆ ಗಾಯದ ಗೆರೆಗಳು. ನನಗೆ ಹೆದರಿಕೆಯಾಗಲಿಲ್ಲ. ಯಾಕೋ ಏನೋ, ಆ ಕಣ್ಣು ಏನನ್ನೋ ಕೇಳುತ್ತಿದೆ ಅನಿಸಿತು.

ಫೋಟೋ ಕರಡಿಯ ಪಕ್ಕ ಒಂದೇ ದಿನ ಇತ್ತು. ನನ್ನ ಅಕ್ಕನಿಗೆ ಗಂಡು ನೋಡುತ್ತಿದ್ದ ಕಾಲ ಅದು. ಹೊಲದಿಂದ ಬಂದ ಅಪ್ಪ ನಿಂತಲ್ಲೇ ನಿಂತ. "ಇದನ್ಯಾಕ ಇಲ್ಲಿ ಹಾಕೀರಿ? ಹುಡುಗಿ ನೋಡಾಕ ಬರೋ ಮಂದಿ ಏನಂತಾರ?"

"ಕರಡಿ ನೋಡಿ ಏನೂ ಅನ್ನಂಗಿಲ್ಲೇನು?" ಎಂದಳು ಅತ್ತೆ.

ಅಪ್ಪ ಫೋಟೋ ಇಳಿಸಿ ಅಟ್ಟಕ್ಕೆ ಹಾಕಿದ. ಕಾಕಾ ಕ್ಯಾಮೆರಾ ಹೆಗಲಿಗೇರಿಸಿ ಹೊರಗೆ ನಡೆದ. ಕರಡಿ ಅಲ್ಲೇ ಇತ್ತು. ಬಂದವರು ಅದಕ್ಕೆ ಮರುಗುತ್ತಲೇ ಇದ್ದರು. ಅತ್ತೆ ಮತ್ತೆ ಪಡಸಾಲೆಗೆ ಚಹಾ ತರಲಿಲ್ಲ. ನನಗೆ ಈಗಲೂ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ.

ವರ್ಷಗಳ ನಂತರ ಮನೆ ಕೆಡವುವಾಗ ಅಟ್ಟ ಹತ್ತಿ ಹುಡುಕಿದೆ. ಗೆದ್ದಲು ಗಾಜನ್ನಷ್ಟೇ ಬಿಟ್ಟಿತ್ತು. ಸ್ಟುಡಿಯೋ ಮುಚ್ಚಿದ ಕಾಕಾನ ನೆಗೆಟಿವ್‌ಗಳು ಒಂದಕ್ಕೊಂದು ಅಂಟಿ ಹೋಗಿದ್ದವು. ನಿಮ್ಮ ಮನೆಯಲ್ಲೂ ಹೀಗೆ ಅಳಿಸಿಹೋದ ಮುಖವೊಂದು ಇದ್ದೀತು; ಆ ಸಂಕಟ ನಿಮಗೆ ಗೊತ್ತು.

ಅತ್ತೆ ತೀರಿಕೊಂಡಾಗ ಹಾರ ಹಾಕಲು ಅಪ್ಪ ಎಲ್ಲಿಂದಲೋ ಅವಳ ಮದುವೆಯ ಫೋಟೋ ಹುಡುಕಿ, ಬಣ್ಣ ತುಂಬಿಸಿ ತಂದ. ಹಸಿರು ಸೀರೆ, ನುಣ್ಣನೆಯ ಎರಡು ಕೆನ್ನೆ, ನಾಚಿ ಬಗ್ಗಿಸಿದ ಎರಡು ಕಣ್ಣು. ಬಂದವರೆಲ್ಲ ಹೂವೇರಿಸಿ, "ಎಷ್ಟ ಛಂದ ಇದ್ಳು" ಎಂದರು.

"ಇಕಿ ಯಾರಪ್ಪಾ?" ಎಂದೆ, ತಡೆಯಲಾಗದೆ.

"ನಮ್ಮಕ್ಕ" ಎಂದ ಅಪ್ಪ, ಬಿಕ್ಕಿ ಬಿಕ್ಕಿ ಅತ್ತ.

ಅವನ ಅಕ್ಕ ಅವಳೇ ಇರಬಹುದು. ಆ ಹುಡುಗಿಯನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.